ಕುಷ್ಠರೋಗಿಗಳ ಮಾತೆ ಸಂತ ಮೇರಿಯಾನ್ ಕೋಪ್

ರೋಗಿಗಳ ಸೇವೆಗಾಗಿ ತಮ್ಮ ಪ್ರಾಣವನ್ನೇ ತೆತ್ತ ಮಹನೀಯರು ಧರ್ಮಸಭೆಯ ಇತಿಹಾಸದಲ್ಲಿ ಅನೇಕರು. ಅವರಲ್ಲಿ ಮೊಲೊಕಾಯಿ ದ್ವೀಪದ ಸಂತ ದಾಮಿಯಾನರ ಹೆಸರನ್ನು ಕೇಳದ ಕ್ರೈಸ್ತರು ನಮ್ಮಲ್ಲಿ ವಿರಳ. ಕುಷ್ಠರೋಗಿಗಳೊಡನೆ ಬಾಳಿ, ಅವರ ರೋಗವನ್ನೇ ತಮ್ಮ ದೇಹದಲ್ಲಿ ಹೊತ್ತು, ೧೮೮೯ರಲ್ಲಿ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ದೈವಾಧೀನರಾದ ಆ ಗುರುವರ್ಯರ ತ್ಯಾಗವನ್ನು ಕುರಿತು ಪ್ರವಚನಗಳಲ್ಲಿಯೂ ಪುಸ್ತಕಗಳಲ್ಲಿಯೂ ನಾವು ಅರಿತಿದ್ದೇವೆ. ಆದರೆ ಅದೇ ದ್ವೀಪದಲ್ಲಿ, ಅದೇ ರೋಗಿಗಳ ಹುಣ್ಣುಗಳನ್ನು ತೊಳೆದು ಕಟ್ಟುತ್ತ ಮೂವತ್ತು ವರ್ಷಗಳಷ್ಟು ಕಾಲ ಬಾಳಿ, ರೋಗದ ಸೋಂಕಿಲ್ಲದೆ ಎಂಬತ್ತರ ಮುಪ್ಪಿನಲ್ಲಿ ಶಾಂತವಾಗಿ ಕಣ್ಣು ಮುಚ್ಚಿದ ಒಬ್ಬ ಕನ್ಯಾಸ್ತ್ರೀಯ ಹೆಸರು ನಮ್ಮ ಜನರಿಗೆ ಅಷ್ಟಾಗಿ ಪರಿಚಿತವಲ್ಲ. ಅವರೇ ಸಂತ ಮೇರಿಯಾನ್ ಕೋಪ್. ದಾಮಿಯಾನರ ಬಾಳು ತ್ಯಾಗದ ಪಾಠವಾದರೆ, ಈ ಮಾತೆಯ ಬಾಳು ವಿವೇಕದ ಪಾಠ. ತ್ಯಾಗದಂತೆಯೇ ವಿವೇಕವೂ ಪವಿತ್ರತೆಯ ಒಂದು ಮಾರ್ಗವೆಂಬುದನ್ನು ನಾವು ಮರೆಯುವುದುಂಟು. ಆದುದರಿಂದ ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಅವರ ಜೀವನಚರಿತ್ರೆಯನ್ನು ಸಂಗ್ರಹವಾಗಿ ಭಕ್ತಾದಿಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಬಾಲ್ಯ ಮತ್ತು ದೈವಕರೆ

ಜರ್ಮನಿಯ ಹೆಸ್ಸೆ ಸಂಸ್ಥಾನದ ಹೆಪ್ಪನ್‌ಹೈಮ್ ಎಂಬ ಊರಿನಲ್ಲಿ ೧೮೩೮ನೆಯ ಇಸವಿ ಜನವರಿ ೨೩ರಂದು ಪೀಟರ್ ಮತ್ತು ಬಾರ್ಬರಾ ಕೋಬ್ ದಂಪತಿಗಳಿಗೆ ಒಂದು ಹೆಣ್ಣುಮಗು ಜನಿಸಿತು. ಮಗುವಿಗೆ ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಮರಿಯ ಅನ್ನ ಬಾರ್ಬರಾ. ಮಗು ಇನ್ನೂ ಎಳೆಯದಾಗಿದ್ದಾಗಲೇ ಕುಟುಂಬವು ಜೀವನೋಪಾಯವನ್ನರಸಿ ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಯಾರ್ಕ್ ರಾಜ್ಯದ ಯುಟಿಕಾ ನಗರದಲ್ಲಿ ನೆಲೆಸಿತು. ಅಲ್ಲಿನವರ ನಾಲಿಗೆಗೆ ಹೊಂದುವಂತೆ ಕೋಬ್ ಎಂಬ ಮನೆತನದ ಹೆಸರು ಕೋಪ್ ಎಂದಾಯಿತು.

ಬಡತನದ ಸಂಸಾರ. ಎಂಟನೆಯ ತರಗತಿಯ ಹೊತ್ತಿಗೆ ತಂದೆಯವರು ರೋಗಪೀಡಿತರಾಗಿ ದುಡಿಯಲಾರದವರಾದರು. ಸನ್ಯಾಸಜೀವನವನ್ನು ಸ್ವೀಕರಿಸಬೇಕೆಂಬ ಹಂಬಲ ಬಾಲಕಿಯ ಮನಸ್ಸಿನಲ್ಲಿ ಆಗಲೇ ಮೂಡಿತ್ತು. ಆದರೆ ತಮ್ಮ ತಂಗಿಯರ ಹೊಟ್ಟೆ ತುಂಬಿಸುವ ಹೊಣೆ ಹೆಗಲ ಮೇಲೆ ಬಿದ್ದುದರಿಂದ ಅವರು ಬಟ್ಟೆಯ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ದೇವರ ಕರೆಯನ್ನು ಕೇಳಿಯೂ ಮನೆಯ ಕರ್ತವ್ಯಕ್ಕಾಗಿ ವರ್ಷಾನುವರ್ಷ ಕಾದುಕೊಂಡಿರುವುದು ಸಾಮಾನ್ಯವಾದ ತಪಸ್ಸಲ್ಲ. ೧೮೬೨ರಲ್ಲಿ ತಂದೆಯವರು ತೀರಿಕೊಂಡರು. ಅಷ್ಟರಲ್ಲಿ ತಮ್ಮ ತಂಗಿಯರೂ ತಮ್ಮ ಕಾಲ ಮೇಲೆ ನಿಲ್ಲುವಂತಾಗಿದ್ದರು. ಅದೇ ವರ್ಷ, ಇಪ್ಪತ್ತನಾಲ್ಕರ ಹರೆಯದಲ್ಲಿ, ಅವರು ಸಿರಕ್ಯೂಸ್ ನಗರದ ಸಂತ ಫ್ರಾನ್ಸಿಸರ ಮೂರನೆಯ ಸಭೆಯ ಕನ್ಯಾಮಠವನ್ನು ಪ್ರವೇಶಿಸಿ ಸಿಸ್ಟರ್ ಮೇರಿಯಾನ್ ಎಂಬ ಹೆಸರನ್ನು ಪಡೆದರು. ಮೊದಲ ಕೆಲವು ವರ್ಷಗಳು ಜರ್ಮನ್ ವಲಸಿಗರ ಮಕ್ಕಳಿಗೆ ಪಾಠ ಹೇಳುವುದರಲ್ಲಿ ಕಳೆದವು.

ಆಸ್ಪತ್ರೆಯ ಆಡಳಿತ

ಆ ಸಭೆಯ ಭಗಿನಿಯರು ೧೮೬೬ರಲ್ಲಿ ಯುಟಿಕಾದಲ್ಲಿಯೂ ೧೮೬೯ರಲ್ಲಿ ಸಿರಕ್ಯೂಸ್‌ನಲ್ಲಿಯೂ ಆಸ್ಪತ್ರೆಗಳನ್ನು ತೆರೆದರು. ಜಾತಿ, ಮತ, ಬಣ್ಣಗಳ ಭೇದವಿಲ್ಲದೆ ಯಾರು ಬಂದರೂ ಚಿಕಿತ್ಸೆ ನೀಡಬೇಕೆಂಬುದು ಆ ಆಸ್ಪತ್ರೆಗಳ ಮೂಲನಿಯಮವಾಗಿತ್ತು. ೧೮೭೦ರಿಂದ ೧೮೭೭ರ ವರೆಗೆ ಸಿರಕ್ಯೂಸ್‌ನ ಸಂತ ಜೋಸೆಫರ ಆಸ್ಪತ್ರೆಯ ಆಡಳಿತವು ಸಿಸ್ಟರ್ ಮೇರಿಯಾನ್‌ರ ಕೈಯಲ್ಲಿತ್ತು. ಇತರ ಆಸ್ಪತ್ರೆಗಳು ಹೊರದೂಡುತ್ತಿದ್ದ ಕುಡುಕರನ್ನೂ ಅವರು ಸೇರಿಸಿಕೊಂಡು ಆರೈಕೆ ಮಾಡಿಸಿದರು. ಇದಕ್ಕಾಗಿ ನಿಂದೆಗೂ ಗುರಿಯಾದರು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಆಸ್ಪತ್ರೆಯಲ್ಲಿ ಕಲಿಯಲು ಅನುಮತಿ ಕೊಟ್ಟಾಗಲೂ, ತನ್ನನ್ನು ವಿದ್ಯಾರ್ಥಿಗಳು ಪರೀಕ್ಷಿಸುವುದು ಬೇಡವೆನ್ನುವ ಹಕ್ಕು ರೋಗಿಗೆ ಇರಬೇಕೆಂದು ಷರತ್ತು ಹಾಕಿದರು.

ಈ ಎಲ್ಲಕ್ಕಿಂತ ಹೆಚ್ಚಾಗಿ ನಾವು ನೆನೆಯಬೇಕಾದುದು ಅವರು ಜಾರಿಗೆ ತಂದ ಒಂದು ಸಣ್ಣ ನಿಯಮವನ್ನು. ರೋಗಿಯನ್ನು ಮುಟ್ಟುವ ಮೊದಲು ಶುಶ್ರೂಷಕರು ಕೈ ತೊಳೆದುಕೊಳ್ಳಬೇಕು ಎಂಬುದೇ ಆ ನಿಯಮ. ಇಂದು ಶಾಲೆಯ ಮಗುವಿಗೂ ತಿಳಿದಿರುವ ಈ ಮಾತು ಅಂದು ಸರ್ವಸಮ್ಮತವಾಗಿರಲಿಲ್ಲ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ೧೮೪೭ರಲ್ಲಿ ಇದನ್ನು ಮೊದಲು ಕಂಡುಕೊಂಡಿದ್ದರು. ಶವಪರೀಕ್ಷೆಯ ಕೊಠಡಿಯಿಂದ ನೇರವಾಗಿ ಹೆರಿಗೆಯ ವಾರ್ಡಿಗೆ ಬರುತ್ತಿದ್ದ ವೈದ್ಯರ ಕೈಗಳೇ ಬಾಣಂತಿಯರಿಗೆ ಸಾವನ್ನು ತರುತ್ತಿವೆಯೆಂದು ಅವರು ತರ್ಕಿಸಿ, ಸುಣ್ಣ ಬೆರೆತ ಕ್ಲೋರಿನ್ ದ್ರಾವಣದಲ್ಲಿ ಎಲ್ಲರೂ ಕೈ ತೊಳೆಯುವಂತೆ ಕಟ್ಟುಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಬಾಣಂತಿಯರ ಮರಣವು ೧೮೪೮ರಲ್ಲಿ ನೂರಕ್ಕೆ ಎರಡಕ್ಕೂ ಕೆಳಗಿಳಿಯಿತು. ಆದರೂ ತಮ್ಮ ಕೈಗಳೇ ಕೊಲೆಗಾರ ಕೈಗಳಾಗಿದ್ದವೆಂದು ಒಪ್ಪಿಕೊಳ್ಳಲು ಅನೇಕ ವೈದ್ಯರಿಗೆ ಮನಸ್ಸು ಬರಲಿಲ್ಲ. ಸೆಮ್ಮೆಲ್‌ವೈಸರು ೧೮೬೫ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ದುಃಖಕರವಾಗಿ ಮರಣವನ್ನಪ್ಪಿದರು. ಅವರು ಗತಿಸಿ ಹತ್ತು ವರ್ಷ ಕಳೆದಿದ್ದರೂ ವೈದ್ಯಲೋಕದಲ್ಲಿ ಸಂಶಯವಿನ್ನೂ ಉಳಿದಿದ್ದ ಕಾಲದಲ್ಲಿ, ಕಾರ್ಖಾನೆಯಲ್ಲಿ ದುಡಿದು ಬಂದ ಒಬ್ಬ ಕನ್ಯಾಸ್ತ್ರೀ ತಮ್ಮ ಆಸ್ಪತ್ರೆಯಲ್ಲಿ ಈ ಶಿಸ್ತನ್ನು ನೆಲೆಗೊಳಿಸಿದರೆಂಬುದು ಅವರ ಸೂಕ್ಷ್ಮದೃಷ್ಟಿಗೆ ಸಾಕ್ಷಿಯಾಗಿದೆ.

ಸಾಗರದಾಚೆಯ ಕರೆ

೧೮೭೭ರಲ್ಲಿ ಅವರು ತಮ್ಮ ಸಭೆಯ ಮಹಾಮಾತೆಯಾಗಿ ಚುನಾಯಿತರಾದರು. ೧೮೮೧ರಲ್ಲಿ ಎರಡನೆಯ ಬಾರಿಗೆ ಆಯ್ಕೆಯಾದರು. ೧೮೮೩ರಲ್ಲಿ ಹವಾಯಿ ದ್ವೀಪರಾಜ್ಯದಿಂದ ಒಂದು ಪತ್ರ ಬಂದಿತು. ಅಲ್ಲಿ ಕುಷ್ಠರೋಗವು ಹರಡಿ ಜನರನ್ನು ನಾಶಮಾಡುತ್ತಿತ್ತು. ರೋಗದ ಲಕ್ಷಣ ಕಂಡವರನ್ನು ಹೆಂಡಿರು ಮಕ್ಕಳಿಂದ ಬೇರ್ಪಡಿಸಿ ದೂರವಿಡಬೇಕೆಂದು ೧೮೬೫ರಲ್ಲಿ ಕಾನೂನು ಮಾಡಲಾಗಿತ್ತು. ೧೮೬೬ರಿಂದ ಅಂಥವರನ್ನು ಹಡಗಿನಲ್ಲಿ ಮೊಲೊಕಾಯಿ ದ್ವೀಪದ ಒಂದು ತುಂಡು ನೆಲಕ್ಕೆ ಸಾಗಿಸಲಾಗುತ್ತಿತ್ತು. ಮೂರು ಕಡೆ ಸಮುದ್ರ, ಒಂದು ಕಡೆ ಆಕಾಶಕ್ಕೆ ತಾಗುವಂತಹ ಬಂಡೆಗೋಡೆ. ಅದು ಬಾಗಿಲಿಲ್ಲದ ಸೆರೆಮನೆಯಾಗಿತ್ತು. ರಾಜ ಕಲಾಕಾವ ಮತ್ತು ರಾಣಿ ಕಪಿಯೊಲಾನಿ ತಮ್ಮ ಪ್ರಜೆಗಳ ಈ ದುರವಸ್ಥೆಯನ್ನು ಕಂಡು, ಶುಶ್ರೂಷೆಗೆ ಕನ್ಯಾಸ್ತ್ರೀಯರು ಬೇಕೆಂದು ಕೋರಿದ್ದರು. ಐವತ್ತಕ್ಕೂ ಹೆಚ್ಚು ಸನ್ಯಾಸಿನಿಯರ ಸಭೆಗಳು ಬಾರೆವೆಂದು ಉತ್ತರಿಸಿದ್ದವು.

ಮಾತೆ ಮೇರಿಯಾನ್ ಹಿಂದೆಗೆಯಲಿಲ್ಲ. ಅವರ ಸಭೆಯಲ್ಲಿ ಮೂವತ್ತೈದು ಮಂದಿ ಭಗಿನಿಯರು ತಾವು ಹೋಗಲು ಸಿದ್ಧರೆಂದು ಮುಂದೆ ಬಂದರು. ಆರು ಮಂದಿಯನ್ನು ಆರಿಸಿಕೊಂಡು, ಅವರನ್ನು ಅಲ್ಲಿ ನೆಲೆಗೊಳಿಸಿ ಹಿಂದಿರುಗುವ ಉದ್ದೇಶದಿಂದ ಮಾತೆಯೂ ಹೊರಟರು. ೧೮೮೩ರ ನವೆಂಬರ್ ೮ರಂದು ಹಡಗು ಹೊನೊಲುಲು ಬಂದರನ್ನು ಸೇರಿದಾಗ ಪ್ರಧಾನಾಲಯದ ಗಂಟೆಗಳು ಮೊಳಗಿದವು. ಮಾತೆಯವರು ಮತ್ತೆ ಸಿರಕ್ಯೂಸ್‌ಗೆ ಹಿಂದಿರುಗಲೇ ಇಲ್ಲ. ಉಳಿದ ಮೂವತ್ತೈದು ವರ್ಷಗಳ ಆಯುಷ್ಯವನ್ನೆಲ್ಲ ಆ ದ್ವೀಪಗಳಿಗೇ ಧಾರೆಯೆರೆದರು.

ಕಾಕಾಕೊ ಆಸ್ಪತ್ರೆ

ಹೊನೊಲುಲುವಿನ ಕಾಕಾಕೊ ಎಂಬಲ್ಲಿದ್ದ ಆಸ್ಪತ್ರೆಯು ರೋಗಿಗಳನ್ನು ಮೊಲೊಕಾಯಿಗೆ ಕಳುಹಿಸುವ ಮುನ್ನ ಕೂಡಿಹಾಕುವ ತಾಣವಾಗಿತ್ತು. ನೂರು ಜನರಿಗೆಂದು ಕಟ್ಟಿದ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ತುಂಬಿದ್ದರು. ಕಟ್ಟದೆ ಬಿಟ್ಟ ಹುಣ್ಣುಗಳು, ಅವುಗಳ ಮೇಲೆ ಮುತ್ತಿದ ನೊಣಗಳು, ಕೊಳಕು ಹಾಸಿಗೆಗಳು, ಸಹಿಸಲಾಗದ ದುರ್ವಾಸನೆ. ಭಗಿನಿಯರು ನೀರು, ಸೋಪು, ಪೊರಕೆಗಳನ್ನು ಹಿಡಿದು ನೆಲ ಗೋಡೆಗಳನ್ನು ಉಜ್ಜಿ ತೊಳೆದರು. ರೋಗಿಗಳಿಗೆ ಸ್ನಾನ ಮಾಡಿಸಿದರು. ಹುಣ್ಣುಗಳನ್ನು ತೊಳೆದು ಶುಭ್ರವಾದ ಬಟ್ಟೆ ಕಟ್ಟಿದರು. ಅಲ್ಲಿ ಸರ್ಕಾರ ನೇಮಿಸಿದ್ದ ಮೇಲ್ವಿಚಾರಕನೊಬ್ಬನು ರೋಗಿಗಳನ್ನು ಹಿಂಸಿಸುತ್ತಿದ್ದನು. ಅವನು ಇರಬೇಕು ಇಲ್ಲವೆ ತಾವು ಇರಬೇಕು ಎಂದು ಮಾತೆಯವರು ಸರ್ಕಾರಕ್ಕೆ ನೇರವಾಗಿ ತಿಳಿಸಿದರು. ಸರ್ಕಾರ ಆಸ್ಪತ್ರೆಯ ಪೂರ್ಣ ಅಧಿಕಾರವನ್ನು ಮಾತೆಯವರಿಗೆ ಒಪ್ಪಿಸಿತು. ೧೮೮೪ರಲ್ಲಿ ಮಾವಿ ದ್ವೀಪದಲ್ಲಿ ಅಲ್ಲಿನ ಮೊದಲ ಸಾರ್ವಜನಿಕ ಆಸ್ಪತ್ರೆಯನ್ನೂ, ೧೮೮೫ರಲ್ಲಿ ರೋಗಿಗಳ ಆರೋಗ್ಯವಂತ ಹೆಣ್ಣುಮಕ್ಕಳಿಗಾಗಿ ಕಪಿಯೊಲಾನಿ ನಿಲಯವನ್ನೂ ಅವರು ಸ್ಥಾಪಿಸಿದರು. ಬೇರಾರೂ ಸೇರಿಸಿಕೊಳ್ಳದಿದ್ದ ಆ ಎಳೆಯ ಮಕ್ಕಳಿಗೆ ಮಠದ ಆಶ್ರಯವೇ ಮನೆಯಾಯಿತು.

೧೮೮೬ರಲ್ಲಿ ಸ್ವತಃ ರೋಗಿಯಾಗಿದ್ದ ಫಾದರ್ ದಾಮಿಯಾನರು ಹೊನೊಲುಲುವಿಗೆ ಬಂದಾಗ ಸರ್ಕಾರದ ಹಿರಿಯರೂ ಧರ್ಮಸಭೆಯ ಹಿರಿಯರೂ ಅವರನ್ನು ಬರಮಾಡಿಕೊಳ್ಳಲು ಹಿಂಜರಿದರು. ಮಾತೆ ಮೇರಿಯಾನ್ ಮಾತ್ರ ಅವರಿಗೆ ಆದರಾತಿಥ್ಯವನ್ನು ನೀಡಿದರು. ಶುಚಿತ್ವದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದವರೇ ರೋಗಿಗೆ ಬಾಗಿಲು ತೆರೆದರು ಎಂಬುದು ಗಮನಾರ್ಹ. ಎಚ್ಚರಿಕೆಯುಳ್ಳವರಿಗೆ ಭಯಪಡಬೇಕಾದ ಕಾರಣವಿರಲಿಲ್ಲ.

ಮೊಲೊಕಾಯಿಯಲ್ಲಿ

೧೮೮೭ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರವು ಕಾಕಾಕೊ ಆಸ್ಪತ್ರೆಯನ್ನು ಮುಚ್ಚಿ, ಗಡೀಪಾರಿನ ಕಾನೂನನ್ನು ಮತ್ತೆ ಬಿಗಿಗೊಳಿಸಲು ತೀರ್ಮಾನಿಸಿತು. ರೋಗಿಗಳು ಹೋದಲ್ಲಿಗೇ ತಾವೂ ಹೋಗುವೆವೆಂದು ಮಾತೆಯವರು ನಿರ್ಧರಿಸಿದರು. ೧೮೮೮ರ ನವೆಂಬರ್ ತಿಂಗಳಲ್ಲಿ ಸಿಸ್ಟರ್ ಲಿಯೊಪೊಲ್ಡಿನಾ ಮತ್ತು ಸಿಸ್ಟರ್ ವಿನ್ಸೆನ್ಶಿಯಾ ಅವರೊಂದಿಗೆ ಮೊಲೊಕಾಯಿಯ ಕಲಾವುಪಾಪವನ್ನು ಸೇರಿ, ಹೆಂಗಸರು ಮತ್ತು ಹೆಣ್ಣುಮಕ್ಕಳಿಗಾಗಿ ಬಿಷಪ್ ನಿಲಯವನ್ನು ತೆರೆದರು. ತಮ್ಮ ಗಂಡುಮಕ್ಕಳ ಗತಿಯೇನೆಂದು ಮರಣಶಯ್ಯೆಯಲ್ಲಿ ಚಿಂತಿಸುತ್ತಿದ್ದ ದಾಮಿಯಾನರಿಗೆ, ಆ ಮಕ್ಕಳನ್ನು ನೋಡಿಕೊಳ್ಳುವ ಭರವಸೆಯನ್ನಿತ್ತರು. ೧೮೮೯ರ ಏಪ್ರಿಲ್ ೧೫ರಂದು ದಾಮಿಯಾನರು ತೀರಿಕೊಂಡ ಮೇಲೆ, ೧೮೯೫ರಲ್ಲಿ ತಿರುಹೃದಯಗಳ ಸಭೆಯ ಸಹೋದರರು ಬರುವವರೆಗೆ, ಗಂಡುಮಕ್ಕಳ ನಿಲಯದ ಭಾರವನ್ನೂ ಭಗಿನಿಯರೇ ಹೊತ್ತರು.

ಇಷ್ಟು ನಿಕಟವಾಗಿ ಬಾಳುವಾಗ ಭಯವಾಗದಿರಲು ಅವರೇನು ಕಲ್ಲಿನ ಗೊಂಬೆಗಳೇ? ತನಗೂ ರೋಗ ತಗುಲಿದರೆ ಏನು ಮಾಡುವಿರೆಂದು ಸಿಸ್ಟರ್ ಲಿಯೊಪೊಲ್ಡಿನಾ ಒಮ್ಮೆ ಮಾತೆಯವರನ್ನು ಕೇಳಿದರಂತೆ. ಆಕೆಗಾಗಲಿ ತಮ್ಮ ಸಭೆಯ ಇನ್ನಾವ ಭಗಿನಿಗಾಗಲಿ ಆ ರೋಗ ಬರಲಾರದೆಂದು ಮಾತೆಯವರು ದೃಢವಾಗಿ ಹೇಳಿದರು. ಅದು ದೇವರಲ್ಲಿಟ್ಟ ಪೂರ್ಣವಿಶ್ವಾಸದ ಮಾತು. ಆದರೆ ಆ ವಿಶ್ವಾಸವನ್ನು ನೆಪವಾಗಿಟ್ಟುಕೊಂಡು ಅವರು ನೀರು ಸೋಪುಗಳನ್ನು ಬದಿಗಿಡಲಿಲ್ಲ. ಕೈ ತೊಳೆಯುವ ನಿಯಮವನ್ನು, ಶುಚಿತ್ವದ ಶಿಸ್ತನ್ನು ಸಡಿಲಗೊಳಿಸಲಿಲ್ಲ. ಅಲ್ಲಿ ಸೇವೆ ಸಲ್ಲಿಸಿದ ಆ ಸಭೆಯ ಭಗಿನಿಯರಲ್ಲಿ ಒಬ್ಬರಿಗೂ ಕುಷ್ಠರೋಗ ತಗುಲಲಿಲ್ಲ.

ಮಾತೆಯವರ ಕಣ್ಣಿಗೆ ಶುಚಿತ್ವವೆಂದರೆ ಕೇವಲ ರೋಗನಿವಾರಣೆಯ ಉಪಾಯವಾಗಿರಲಿಲ್ಲ. ಅದು ರೋಗಿಗೆ ಸಲ್ಲಿಸುವ ಗೌರವವೂ ಆಗಿತ್ತು. ಬೋಳಾಗಿದ್ದ ನೆಲದಲ್ಲಿ ಗಿಡಮರಗಳನ್ನು ನೆಡಿಸಿದರು. ಹೆಣ್ಣುಮಕ್ಕಳಿಗೆ ಬಣ್ಣಬಣ್ಣದ ಅಂದವಾದ ಉಡುಪುಗಳನ್ನು ಹೊಲಿದುಕೊಟ್ಟರು. ಕಸೂತಿಯನ್ನೂ ಸಂಗೀತವನ್ನೂ ಕಲಿಸಿದರು. ೧೮೮೯ರಲ್ಲಿ ಆ ದ್ವೀಪಕ್ಕೆ ಬಂದ ಪ್ರಸಿದ್ಧ ಸ್ಕಾಟಿಷ್ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಈ ಭಗಿನಿಯರ ಸೇವೆಗೆ ಬೆರಗಾಗಿ ಮಾತೆಯವರಿಗೆ ಕವಿತೆಯೊಂದನ್ನು ಬರೆದುಕೊಟ್ಟುದಲ್ಲದೆ, ಮಕ್ಕಳಿಗಾಗಿ ಪಿಯಾನೊ ಒಂದನ್ನು ಕಳುಹಿಸಿದರು. ೧೯೧೮ರ ಆಗಸ್ಟ್ ೯ರಂದು ಮಾತೆ ಮೇರಿಯಾನ್ ವೃದ್ಧಾಪ್ಯದ ಸಹಜ ಕಾರಣಗಳಿಂದ ಪ್ರಭುವಿನಲ್ಲಿ ವಿಶ್ರಾಂತರಾದರು. ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ ೨೦೦೫ರ ಮೇ ೧೪ರಂದು ಅವರನ್ನು ಧನ್ಯರೆಂದೂ, ೨೦೧೨ರ ಅಕ್ಟೋಬರ್ ೨೧ರಂದು ಸಂತರೆಂದೂ ಘೋಷಿಸಲಾಯಿತು. ಅವರ ಜನ್ಮದಿನವಾದ ಜನವರಿ ೨೩ ಅವರ ಹಬ್ಬದ ದಿನವಾಗಿದೆ.

ವಿಜ್ಞಾನದ ಬೆಳಕಿನಲ್ಲಿ

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುವುದು ಅವಶ್ಯ. ಭಗಿನಿಯರು ಪಾರಾದುದಕ್ಕೆ ಕೈ ತೊಳೆದುದೊಂದೇ ಕಾರಣವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಕುಷ್ಠರೋಗದ ಜೀವಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ ೧೮೭೩ರಲ್ಲಿ ಕಂಡುಹಿಡಿದರು. ಚಿಕಿತ್ಸೆ ಪಡೆಯದ ರೋಗಿಯೊಡನೆ ದೀರ್ಘಕಾಲ ನಿಕಟವಾಗಿ ಬಾಳಿದಾಗ, ಮುಖ್ಯವಾಗಿ ಮೂಗು ಬಾಯಿಗಳ ತುಂತುರು ಹನಿಗಳ ಮೂಲಕ ಅದು ಹರಡುತ್ತದೆಯೆಂದೂ, ಬಹುಪಾಲು ಜನರಿಗೆ ಅದನ್ನೆದುರಿಸುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆಯೆಂದೂ ಇಂದು ತಿಳಿದಿದೆ. ದಾಮಿಯಾನರಿಗೆ ರೋಗ ಬಂದುದು ಅವರ ಅಜಾಗ್ರತೆಗೆ ಶಿಕ್ಷೆಯೂ ಅಲ್ಲ, ಭಗಿನಿಯರಿಗೆ ಬಾರದುದು ಕೇವಲ ಜಾಗ್ರತೆಯ ಫಲವೂ ಅಲ್ಲ. ಹಾಗಾದರೆ ಕೈ ತೊಳೆದುದು ವ್ಯರ್ಥವಾಯಿತೇ? ಖಂಡಿತ ಇಲ್ಲ. ಕುಷ್ಠರೋಗಿಯ ಸ್ಪರ್ಶಜ್ಞಾನವಿಲ್ಲದ ಕೈಕಾಲುಗಳಲ್ಲಿ ಆಗುವ ಗಾಯಗಳು ಬೇರೆ ಬೇರೆ ಜೀವಾಣುಗಳಿಂದ ಕೀವುಗಟ್ಟಿ ಅಂಗವನ್ನೇ ಕೊಳೆಯಿಸುತ್ತವೆ. ಒಬ್ಬರ ಹುಣ್ಣನ್ನು ಮುಟ್ಟಿದ ಕೈ ಮತ್ತೊಬ್ಬರ ಹುಣ್ಣಿಗೆ ಆ ವಿಷವನ್ನು ಒಯ್ಯುತ್ತದೆ. ಶುಶ್ರೂಷಕಿಯ ಶುಚಿಯಾದ ಕೈ ಮೊದಲು ಕಾಪಾಡುವುದು ರೋಗಿಯನ್ನೇ. ಮಾತೆಯವರ ನಿಯಮವು ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆಯಬೇಕೆಂದಿತ್ತು ಎಂಬುದನ್ನು ಗಮನಿಸಬೇಕು. ಮುಟ್ಟಿದ ಮೇಲೆ ತೊಳೆಯುವುದು ಸ್ವರಕ್ಷಣೆ. ಮುಟ್ಟುವ ಮೊದಲು ತೊಳೆಯುವುದು ಪರಪ್ರೇಮ. ಎರಡೂ ಬೇಕು.

ಕುಷ್ಠರೋಗಕ್ಕೆ ೧೯೪೦ರ ದಶಕದಲ್ಲಿ ಮೊದಲ ಪರಿಣಾಮಕಾರಿ ಔಷಧ ದೊರೆಯಿತು. ೧೯೬೯ರಲ್ಲಿ ಹವಾಯಿಯ ಪ್ರತ್ಯೇಕವಾಸದ ಕಾನೂನು ರದ್ದಾಯಿತು. ಅಷ್ಟರೊಳಗೆ ಸುಮಾರು ಎಂಟು ಸಾವಿರ ಜನರನ್ನು ಆ ದ್ವೀಪಕ್ಕೆ ಸಾಗಿಸಲಾಗಿತ್ತು. ೧೯೮೦ರ ದಶಕದಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಈ ರೋಗವು ಪೂರ್ಣವಾಗಿ ಗುಣವಾಗುತ್ತದೆ. ಚಿಕಿತ್ಸೆಯಲ್ಲಿರುವ ರೋಗಿಯನ್ನು ಮನೆಯಿಂದ ಹೊರಗಿಡಲು ಇಂದು ಯಾವ ಕಾರಣವೂ ಇಲ್ಲ. ನಮ್ಮ ನಾಡಿನಲ್ಲಿಯೂ, ಮಾತೆ ಮೇರಿಯಾನ್ ಮೊಲೊಕಾಯಿಯಲ್ಲಿದ್ದ ಕಾಲದಲ್ಲಿಯೇ, ಜರ್ಮನಿಯಲ್ಲಿ ಹುಟ್ಟಿದ ಮತ್ತೊಬ್ಬ ಪುಣ್ಯಾತ್ಮರಾದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ೧೮೯೦ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು.

ನಮಗೆ ಪಾಠ

ಕ್ರೈಸ್ತ ಮನೆತನಗಳಿಂದ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ದೇಶವಿದೇಶಗಳ ಆಸ್ಪತ್ರೆಗಳಲ್ಲಿ ಶುಶ್ರೂಷೆಯ ಕಾಯಕದಲ್ಲಿದ್ದಾರೆ. ೨೦೨೦ರಲ್ಲಿ ಕೊರೋನಾ ಮಹಾಮಾರಿ ಬಂದಾಗ ಪ್ರತ್ಯೇಕ ವಾರ್ಡುಗಳಲ್ಲಿ ದುಡಿದವರ ಕಷ್ಟವನ್ನು ಅವರ ತಂದೆತಾಯಿಗಳು ಬಲ್ಲರು. ಅಂಥವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಐದು ಸಮಯಗಳನ್ನು ಗೊತ್ತುಪಡಿಸಿದೆ: ರೋಗಿಯನ್ನು ಮುಟ್ಟುವ ಮೊದಲು, ಗಾಯ ಕಟ್ಟುವುದೇ ಮೊದಲಾದ ಶುದ್ಧಕಾರ್ಯಕ್ಕೆ ತೊಡಗುವ ಮೊದಲು, ದೇಹದ್ರವಗಳ ಸಂಪರ್ಕವಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಮತ್ತು ರೋಗಿಯ ಮಂಚ ಮೇಜುಗಳನ್ನು ಮುಟ್ಟಿದ ಮೇಲೆ. ಸೋಪು ನೀರಿನಿಂದಾದರೆ ನಲವತ್ತರಿಂದ ಅರವತ್ತು ಸೆಕೆಂಡು, ಮದ್ಯಸಾರದ ದ್ರಾವಣದಿಂದಾದರೆ ಇಪ್ಪತ್ತರಿಂದ ಮೂವತ್ತು ಸೆಕೆಂಡು ಸಾಕು. ಕೈಗವಸು ಧರಿಸಿದ್ದರೂ ಅದನ್ನು ತೆಗೆದ ಮೇಲೆ ಕೈಯನ್ನು ಶುಚಿಗೊಳಿಸಲೇಬೇಕು. ಕಣ್ಣಿಗೆ ಕಾಣುವಂತೆ ಕೈ ಕೊಳೆಯಾಗಿದ್ದರೆ, ಹಾಗೆಯೇ ಕೆಲವು ಭೇದಿಯ ರೋಗಗಳಲ್ಲಿ, ಮದ್ಯಸಾರ ಸಾಲದು; ಸೋಪು ನೀರೇ ಬೇಕು. ಮನೆಯಲ್ಲಿ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು ನೋಡಿಕೊಳ್ಳುವವರಿಗೂ ಈ ಮಾತುಗಳು ಅನ್ವಯಿಸುತ್ತವೆ.

ಕೈ ತೊಳೆಯದೆ ಊಟಮಾಡಿದ ಶಿಷ್ಯರನ್ನು ಪ್ರಭು ಯೇಸು ಸಮರ್ಥಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಭು ಖಂಡಿಸಿದುದು ಒಳಗಿನ ಕಲ್ಮಷವನ್ನು ಬಚ್ಚಿಟ್ಟು ಹೊರಗಿನ ಆಚಾರವನ್ನು ಮೆರೆಸುವ ಕಪಟವನ್ನೇ ಹೊರತು ಶುಚಿತ್ವವನ್ನಲ್ಲ. ಶುಭಸಂದೇಶದಲ್ಲಿ ಪಿಲಾತನೂ ಕೈ ತೊಳೆದನು. ಅದು ಹೊಣೆಯಿಂದ ನುಣುಚಿಕೊಳ್ಳುವುದಕ್ಕಾಗಿ. ದಿವ್ಯಬಲಿಪೂಜೆಯಲ್ಲಿ ಕಾಣಿಕೆಗಳನ್ನರ್ಪಿಸಿದ ಬಳಿಕ ಗುರುವೂ ಕೈ ತೊಳೆಯುತ್ತಾನೆ. ಅದು ಪ್ರಭುವಿನ ಶರೀರವನ್ನು ಮುಟ್ಟುವ ಮಹತ್ತರ ಹೊಣೆಯನ್ನು ಶುದ್ಧಾಂತಃಕರಣದಿಂದ ಹೊರುವುದಕ್ಕಾಗಿ. ಮಾತೆ ಮೇರಿಯಾನ್ ಮತ್ತು ಅವರ ಭಗಿನಿಯರು ಕೈ ತೊಳೆದುದು ಈ ಎರಡನೆಯ ರೀತಿಯಲ್ಲಿ. ರೋಗಿಯಲ್ಲಿ ಅವರು ಕಂಡುದು ಪ್ರಭುವನ್ನೇ.

ಹಬ್ಬದ ದೀಪಗಳು ಆರಿದ ಮೇಲೆಯೂ ನಮ್ಮ ನೆರೆಹೊರೆಯಲ್ಲಿ ರೋಗಿಗಳು ಇರುತ್ತಾರೆ. ಕ್ಷಯವೆಂದೋ, ಕುಷ್ಠವೆಂದೋ, ಇನ್ನೊಂದು ಅಂಟುಜಾಡ್ಯವೆಂದೋ ಹೆದರಿ ಬಂಧುಗಳೇ ದೂರವಿಟ್ಟವರು ಅವರಲ್ಲಿ ಇರಬಹುದು. ಅಂಥವರ ಬಾಗಿಲಿಗೆ ಹೋಗಲು ನಮಗೆ ದಾಮಿಯಾನರ ಧೈರ್ಯವೂ ಬೇಕು, ಮಾತೆ ಮೇರಿಯಾನ್‌ರ ಎಚ್ಚರವೂ ಬೇಕು. ಈ ಇಬ್ಬರು ಸಂತರ ಮಧ್ಯಸ್ಥಿಕೆಯಿಂದ ಇವೆರಡನ್ನೂ ಸರ್ವೇಶ್ವರನು ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬಕ್ಕೂ, ವಿಶೇಷವಾಗಿ ರೋಗಿಗಳ ಸೇವೆಯಲ್ಲಿರುವ ನಮ್ಮ ಮಕ್ಕಳಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.